ಮಗುವನ್ನು ಮಣ್ಣು ಮಾಡುವ ಮುನ್ನ



ಕೈಕಾಲು ಗಿಡ್ಡವಾಗಿ, ಎದೆಗೂಡು ಕಿರಿದಾಗಿ ಹುಟ್ಟಿದ ಮಗು ಸ್ವಲ್ಪ ಹೊತ್ತು ಉಸಿರಾಡಿ ತೀರಿಹೋದರೆ ಮನೆಯಲ್ಲಿ ಎಂಥ ಮಾತು ಹುಟ್ಟುತ್ತದೆಂದು ನಿಮಗೆ ಗೊತ್ತು. ಗ್ರಹಣದಲ್ಲಿ ಹೊರಗೆ ಬಂದಿದ್ದಳು, ಯಾರದೋ ನಜರ್ ತಗುಲಿತು, ಸೊಸೆಯ ಕಾಲ್ಗುಣ ಸರಿಯಿಲ್ಲ! ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಯಾವ ಊರೂ ಇದಕ್ಕೆ ಹೊರತಲ್ಲ. ಅಂದೇ ದಫನ್ ಮುಗಿಯುತ್ತದೆ. ನಿಜವಾದ ಕಾರಣವೂ ಮಗುವಿನೊಂದಿಗೆ ಮಣ್ಣು ಸೇರುತ್ತದೆ. ಆರೋಪ ಮಾತ್ರ ತಾಯಿಯ ತಲೆಯ ಮೇಲೆ ಉಳಿಯುತ್ತದೆ.

ಏನಿದು ಪರೀಕ್ಷೆ?

ಮೃತ ಶಿಶುವಿನ ಪರೀಕ್ಷೆ ಎಂದರೆ ಪೊಲೀಸ್ ಕೇಸಿನ ಪೋಸ್ಟ್‌ಮಾರ್ಟಂ ಅಲ್ಲ. ತಂದೆತಾಯಿ ಬರೆದುಕೊಟ್ಟ ಒಪ್ಪಿಗೆಯ ಮೇಲೆಯೇ ಇದು ನಡೆಯಬೇಕು. ಸ್ಕ್ಯಾನಿಂಗ್ ಎಲುಬು ಗಿಡ್ಡವಿದೆಯೆಂದು ತೋರಿಸಬಲ್ಲದು. ಯಾವ ರೋಗವೆಂದು ಅನೇಕ ಸಲ ಹೇಳಲಾರದು. ಇಲ್ಲಿ ಮೊದಲು ಮಗುವಿನ ಅಳತೆ, ಫೋಟೊ. ಬಳಿಕ ತಲೆಯಿಂದ ಪಾದದವರೆಗೆ ಎಕ್ಸ್‌ರೇ. ತೊಡೆ ಎಲುಬು ಹಳೆಯ ಟೆಲಿಫೋನಿನ ರಿಸೀವರಿನಂತೆ ಬಾಗಿದ್ದರೆ ಅದು 'ಥ್ಯಾನಟೋಫೋರಿಕ್ ಡಿಸ್‌ಪ್ಲೇಸಿಯಾ'ದ ಗುರುತು. ಪಕ್ಕೆಲುಬುಗಳು ಗರ್ಭದಲ್ಲೇ ಮುರಿದು ಮಣಿಸರದಂತೆ ಕಂಡರೆ 'ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ' ಎಂಬ ಎಲುಬು ಮುರಿಯುವ ರೋಗದ ಸೂಚನೆ. ಕೊನೆಗೆ ಒಳಗಿನ ಅಂಗಗಳನ್ನು ನೋಡಿ, ಹೊಕ್ಕುಳಬಳ್ಳಿಯ ರಕ್ತ ಅಥವಾ ಚರ್ಮದ ಚೂರನ್ನು ಡಿಎನ್‌ಎ ಪರೀಕ್ಷೆಗೆ ತೆಗೆದಿಡುತ್ತಾರೆ.

ಹೆಸರು ತಿಳಿದರೇನು ಲಾಭ?

ಮುಂದಿನ ಮಗುವಿನ ಪ್ರಶ್ನೆಗೆ ಉತ್ತರ ಇದರಲ್ಲಿದೆ. ಥ್ಯಾನಟೋಫೋರಿಕ್ ಸಾಮಾನ್ಯವಾಗಿ ಆ ಮಗುವಿನಲ್ಲೇ ಹೊಸದಾಗಿ ಉಂಟಾದ ದೋಷ. ಮರುಕಳಿಸುವುದು ತೀರಾ ವಿರಳ. ಬೇರೆ ಕೆಲವು ರೋಗಗಳಲ್ಲಿ ತಂದೆ, ತಾಯಿ ಇಬ್ಬರಲ್ಲೂ ದೋಷ ಅಡಗಿರುತ್ತದೆ. ಆಗ ಪ್ರತಿ ಗರ್ಭದಲ್ಲೂ ಶೇಕಡಾ 25 ಸಂಭವ. ಮಾಮಾ, ಚಾಚಾ, ಫೂಫಿಯ ಮಕ್ಕಳೊಳಗೆ ನಿಕಾಹ್ ಆದಲ್ಲಿ ಇಂಥ ರೋಗಗಳ ಸಂಭವ ಹೆಚ್ಚು. ಅರ್ಧ ತಂದೆಯದು, ಅರ್ಧ ತಾಯಿಯದು ಎಂದಮೇಲೆ ಸೊಸೆಯೊಬ್ಬಳನ್ನೇ ದೂರುವುದು ಯಾವ ನ್ಯಾಯ? ಡಿಎನ್‌ಎ ದೋಷ ಗೊತ್ತಾದರೆ ಮುಂದಿನ ಬಸಿರಿನಲ್ಲಿ 11ನೇ ವಾರದ ಹೊತ್ತಿಗೆ ಮಾಸಿನ ಚೂರನ್ನು ಪರೀಕ್ಷಿಸಬಹುದು. ಡಾಕ್ಟರರನ್ನೂ ಉಲೆಮಾಗಳನ್ನೂ ಕೇಳಿ ತೀರ್ಮಾನಿಸಲು ಸಮಯ ಸಿಗುತ್ತದೆ.

ಮಯ್ಯಿತ್‌ನ ಗೌರವ

ದೇಹ ಕೊಯ್ಯಲು ಮನಸ್ಸಿಲ್ಲದಿದ್ದರೆ ಫೋಟೊ, ಎಕ್ಸ್‌ರೇ, ಹೊಕ್ಕುಳಬಳ್ಳಿಯ ರಕ್ತ ಇಷ್ಟಕ್ಕೇ ಒಪ್ಪಿಗೆ ಕೊಡಬಹುದು. ಎಲುಬಿನ ರೋಗದಲ್ಲಿ ಇಷ್ಟರಿಂದಲೇ ಬಹಳಷ್ಟು ತಿಳಿಯುತ್ತದೆ. ಪೂರ್ತಿ ಪರೀಕ್ಷೆಯಾದರೂ ದೇಹವನ್ನು ಹೊಲಿದು ಕೊಡುತ್ತಾರೆ. ಗುಸ್ಲ್, ಕಫನ್‌ಗೆ ಅಡ್ಡಿಯಾಗದು. ದಫನ್‌ಗೆ ಬೇಗ ಬೇಕೆಂದು ಮೊದಲೇ ಹೇಳಿರಿ.

ತಾಲೂಕು ಆಸ್ಪತ್ರೆಯಲ್ಲಿ ಹೆರಿಗೆಯಾದರೆ, ವಿಜಯಪುರದ ಬಿ.ಎಂ. ಪಾಟೀಲ ಅಥವಾ ಅಲ್-ಅಮೀನ್ ಮೆಡಿಕಲ್ ಕಾಲೇಜಿನಲ್ಲಿ ಸೌಲಭ್ಯವಿದೆಯೇ ಎಂದು ಡಾಕ್ಟರರಿಂದಲೇ ಫೋನ್ ಮಾಡಿಸಿರಿ. ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನಲ್ಲಿ ತಳಿಶಾಸ್ತ್ರ ವಿಭಾಗವೇ ಇದೆ. ಡಿಎನ್‌ಎ ಮಾದರಿ ತೆಗೆಯುವ ಮುನ್ನ ಮಗುವನ್ನು ಫಾರ್ಮಲಿನ್‌ನಲ್ಲಿ ಇಡಬಾರದು, ಡಿಎನ್‌ಎ ಕೆಡುತ್ತದೆ. ಸ್ಕ್ಯಾನಿಂಗ್ ವರದಿಗಳನ್ನೂ ಜೊತೆಗೊಯ್ಯಿರಿ.

ಅತ್ತೆಯಂದಿರೇ, ಮಗುವನ್ನು ಕಳಕೊಂಡವಳಿಗೆ ಆ ದಿನ ಬೇಕಾದದ್ದು ನಿಮ್ಮ ಮಡಿಲು. ಪರೀಕ್ಷೆಯ ಮಾತನ್ನು ನೀವೇ ಮೊದಲು ಎತ್ತಿದರೆ ಅವಳ ಅರ್ಧ ಭಾರ ಇಳಿಯುತ್ತದೆ.