ನೋಟಚಿತ್ರಗಳ ಸ್ಥಳನಿರ್ಣಯ

ಹಳೆಯ ಓಲೆಯ ಪ್ರತಿಯೊಂದು ಕೈಗೆ ಬಂದಾಗ ಅದರ ದೇಶಕಾಲಗಳನ್ನು ವಿಚಾರಿಸುವುದು ವಿದ್ವಾಂಸರ ವಾಡಿಕೆ. ಹಳೆಯ ಛಾಯಾಚಿತ್ರಗಳ ವಿಷಯದಲ್ಲಿ ಮಾತ್ರ ನಾವು ಅಷ್ಟು ಎಚ್ಚರ ವಹಿಸುವುದಿಲ್ಲ. ಅಡಿಯಲ್ಲಿ ಬರೆದ ಹೆಸರನ್ನೇ ನಂಬಿಬಿಡುತ್ತೇವೆ. ಆ ಹೆಸರಾದರೋ ಬಹುಕಾಲದ ಮೇಲೆ ಬೇರೊಬ್ಬರು ಬರೆದುದಾಗಿರಬಹುದು. ಆದುದರಿಂದ ಚಿತ್ರದೊಳಗಿನ ಸಾಕ್ಷ್ಯದಿಂದಲೇ ಸ್ಥಳವನ್ನು ನಿರ್ಣಯಿಸುವ ಕ್ರಮವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಿದೆ.

ಮೊದಲನೆಯದಾಗಿ, ಬದಲಾಗತಕ್ಕವುಗಳನ್ನು ನಿಲ್ಲತಕ್ಕವುಗಳಿಂದ ಬೇರ್ಪಡಿಸಬೇಕು. ಮರ, ಮನೆ, ಕೆರೆಯ ನೀರು ಬದಲಾಗುತ್ತವೆ. ಬೆಟ್ಟದ ಅಂಚು, ಹಾಸುಬಂಡೆಯ ಬಿರುಕು ಬಹುಮಟ್ಟಿಗೆ ನಿಲ್ಲುತ್ತವೆ. ಬಳೇಪೇಟೆಗೆ ಸಮೀಪದಲ್ಲಿದ್ದ ಧರ್ಮಾಂಬುಧಿ ಕೆರೆಯೇ ಇದಕ್ಕೆ ನಿದರ್ಶನ. ಅಲ್ಲಿ ಈಗ ಕೆಂಪೇಗೌಡ ಬಸ್ ನಿಲ್ದಾಣವಿದೆ. ನೀರನ್ನು ಹುಡುಕಿಕೊಂಡು ಹೋದವನಿಗೆ ಆ ಕೆರೆಯ ಚಿತ್ರದ ನೆಲೆ ಸಿಕ್ಕದು. ಹಾಗೆಯೇ ಕೆಂಪೇಗೌಡನ ಗೋಪುರವೊಂದು ಕಂಡಮಾತ್ರಕ್ಕೆ ಅದು ಲಾಲ್‌ಬಾಗ್ ಎನ್ನಲಾಗದು, ಗೋಪುರಗಳು ನಾಲ್ಕು. ಲಾಲ್‌ಬಾಗಿನದು ವಿಶಾಲವಾದ ಬಂಡೆಯ ನೆತ್ತಿಯ ಮೇಲಿದೆ. ಇನ್ನೊಂದು ಕೆಂಪಾಂಬುಧಿ ಕೆರೆಯ ಬಳಿಯಲ್ಲಿದೆ. ಗೋಪುರಕ್ಕಿಂತ ಅದರ ಕಾಲಡಿಯ ನೆಲವೇ ಹೆಚ್ಚಿನ ಸಾಕ್ಷಿ.

ಎರಡನೆಯದು ರೇಖೆ. ಹತ್ತಿರದ ಗುಂಡಿನ ಅಂಚು ದೂರದ ಶಿಖರವನ್ನು ಮುಟ್ಟುವಂತೆ ಚಿತ್ರದಲ್ಲಿ ಕಂಡರೆ, ಆ ಎರಡನ್ನೂ ಭೂಪಟದಲ್ಲಿ ಒಂದು ಗೆರೆಯಿಂದ ಕೂಡಿಸಿ ಈಚೆಗೆ ಎಳೆಯಬೇಕು. ಚಿತ್ರ ತೆಗೆದವನು ಆ ಗೆರೆಯ ಮೇಲೆ ಎಲ್ಲಿಯೋ ನಿಂತಿದ್ದನೆಂದಾಯಿತು. ಇಂತಹ ಮತ್ತೊಂದು ಜೊತೆ ದೊರೆತರೆ, ಎರಡು ಗೆರೆಗಳು ಸಂಧಿಸುವ ಬಿಂದುವೇ ನೆಲೆ. ಅಲ್ಲಿಗೆ ಹೋಗಿ ನಿಂತು ನೋಡುವುದೇ ಇದರ ಒರೆಗಲ್ಲು. ಎರಡು ಹೆಜ್ಜೆ ಅತ್ತಿತ್ತ ಸರಿದರೂ ಹತ್ತಿರದ ವಸ್ತು ದೂರದ್ದರ ಮುಂದೆ ಜರುಗಿಬಿಡುತ್ತದೆ.

ನೆರಳನ್ನು ನಂಬುವಾಗ ಜಾಗರೂಕತೆ ಬೇಕು. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಇಲ್ಲಿ ನಡುಹಗಲಿನ ನೆರಳು ವರ್ಷದ ಬಹುಭಾಗ ಉತ್ತರಕ್ಕೂ, ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ದಕ್ಷಿಣಕ್ಕೂ ಬೀಳುತ್ತದೆ. ನೆಗೆಟಿವ್ ಮಗುಚಿ ಅಚ್ಚಾಗಿದ್ದರಂತೂ ಎಡಬಲಗಳೇ ಅದಲುಬದಲಾಗುತ್ತವೆ.

ಈ ಬಗೆಯ ಶೋಧನೆಯ ಫಲವನ್ನು ಹಂಪೆಯಲ್ಲಿ ಕಾಣಬಹುದು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಅಲ್ಲಿನ ಕಟ್ಟಡಗಳ ಚಿತ್ರ ತೆಗೆದನು. 1983ರಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಆ ನೆಲೆಗಳನ್ನೇ ಹುಡುಕಿ ಮರಳಿ ಚಿತ್ರ ತೆಗೆದರು. ವಿಠಲ ದೇವಾಲಯದ ಕಲ್ಲಿನ ರಥದ ಮೇಲೆ ಮೊದಲನೆಯ ಚಿತ್ರದಲ್ಲಿರುವ ಇಟ್ಟಿಗೆಯ ಶಿಖರ ಎರಡನೆಯದರಲ್ಲಿಲ್ಲ. ಇಂದಿನ ರಥವನ್ನೇ ಪೂರ್ವರೂಪವೆಂದು ಬೋಧಿಸುವವರು ಖಿಲಪಾಠವನ್ನು ಪೂರ್ಣಪಾಠವೆಂದು ಗ್ರಹಿಸಿದಂತೆ. ಶಿಖರದಂತಹ ದೊಡ್ಡ ಲೋಪ ಎತ್ತಲಿಂದ ನೋಡಿದರೂ ತಿಳಿಯುತ್ತದೆ. ಒಂದು ಕಂಬದ ವಾಲುವಿಕೆ, ಒಂದು ಕಲ್ಲಿನ ಜರುಗುವಿಕೆ ಮಾತ್ರ ನೆಲೆ ಒಂದೇ ಆದಾಗಲೇ ನಿಶ್ಚಯವಾಗುತ್ತದೆ.

ಬಂಡೆಯನ್ನು ಒಡೆದ ಮೇಲೆ ಚಿತ್ರದ ಸಾಕ್ಷಿಯೂ ಹೋಗುತ್ತದೆ. ಆದಕಾರಣ ತಮ್ಮ ಮನೆಗಳಲ್ಲಿರುವ ಹಳೆಯ ಚಿತ್ರಗಳ ನೆಲೆಯನ್ನು ವಾಚಕರು ಈಗಲೇ ಪರೀಕ್ಷಿಸಿ, ಕಂಡುದನ್ನೂ ಊಹಿಸಿದುದನ್ನೂ ಬೇರೆಬೇರೆಯಾಗಿ ಬರೆದಿಡುವುದು ಯುಕ್ತ.