ಇಂಗ್ಲಿಷಿನ ‘ಹೂ’, ‘ವಿಚ್’, ‘ದಟ್’: ಕನ್ನಡಕ್ಕೆ ತಿರುಗಿಸದೆ ತಿಳಿಯುವ ಬಗೆ

ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಇಂಗ್ಲಿಷ್ ಕಲಿಯುವವರು ಅನೇಕರು. ಬಿಡಿ ಪದಗಳ ಅರ್ಥ ಅವರಿಗೆ ಗೊತ್ತಿರುತ್ತದೆ. ಆದರೆ ವಾಕ್ಯದ ನಡುವೆ ‘ಹೂ’, ‘ವಿಚ್’, ‘ದಟ್’ ಬಂದೊಡನೆ ಪೆನ್ಸಿಲು ಕೈಗೆ ಬರುತ್ತದೆ; ಸಾಲಿನ ಮೇಲೆ ಕನ್ನಡ ಅರ್ಥ ಬರೆಯುವುದು ಮೊದಲಾಗುತ್ತದೆ. ಈ ಅಭ್ಯಾಸವನ್ನು ಬಿಡುವುದು ಹೇಗೆಂಬ ವಿಚಾರವಾಗಿ ಕೆಲವು ಮಾತು ಅರಿಕೆ ಮಾಡುತ್ತೇವೆ.

ಇದು ಬರಿಯ ವ್ಯಾಕರಣದ ಮಾತಲ್ಲ. ಗಿರಣಿಯ ಗುಮಾಸ್ತರಾದ ನಮಗೆ ನೋಟೀಸು ಅಂಟಿಸುವುದು ನಿತ್ಯದ ಕೆಲಸ. ‘ವರ್ಕರ್ಸ್ ಹೂ ಹ್ಯಾವ್ ಗಿವನ್ ದಿ ಫಾರ್ಮ್ ನೀಡ್ ನಾಟ್ ಕಮ್ ಆನ್ ಸಾಟರ್ಡೇ’ ಎಂದು ಬರೆದಿದೆಯೆನ್ನಿ. ಫಾರ್ಮು ಕೊಟ್ಟವರು ಮಾತ್ರ ಬರಬೇಕಾಗಿಲ್ಲ ಎಂದು ಇದರ ಅರ್ಥ. ನಡುವಿನ ಮಾತನ್ನು ಹಾರಿಸಿ ‘ವರ್ಕರ್ಸ್ ನೀಡ್ ನಾಟ್ ಕಮ್’ ಎಂದಷ್ಟೇ ಹಿಡಿದವನು, ಫಾರ್ಮು ಕೊಡದಿದ್ದರೂ ಮನೆಯಲ್ಲಿ ಉಳಿಯುತ್ತಾನೆ. ಅವನಿಗೆ ಬರಬೇಕಾದ ಹಣ ತಡೆಯುತ್ತದೆ. ಇಂಥವರನ್ನು ನಾವು ಕಂಡಿದ್ದೇವೆ.

ತೊಡಕು ಎಲ್ಲಿದೆ? ಎರಡು ಭಾಷೆಗಳ ನಡಿಗೆಯಲ್ಲಿದೆ. ಕನ್ನಡದಲ್ಲಿ ವಿವರಣೆ ಮುಂದೆ, ಹೆಸರು ಹಿಂದೆ: ‘ನಿನ್ನೆ ಬಂದ ಹುಡುಗ’. ಇಂಗ್ಲಿಷಿನಲ್ಲಿ ಹೆಸರು ಮುಂದೆ, ವಿವರಣೆ ಹಿಂದೆ: ‘ದಿ ಬಾಯ್ ಹೂ ಕೇಮ್ ಯೆಸ್ಟರ್‌ಡೇ’. ನಾವು ‘ಬಂದ’ ಎಂಬ ಕೃದಂತದಿಂದ ಮಾಡುವ ಕೆಲಸವನ್ನು ಅವರು ಒಂದು ಉಪವಾಕ್ಯದಿಂದ ಮಾಡುತ್ತಾರೆ. ಕನ್ನಡಿಸಬೇಕೆಂದರೆ ಕೊನೆಯಿಂದ ಹಿಂದಕ್ಕೆ ನಡೆಯಬೇಕು. ಕಾಗದದ ಮೇಲೆ ಕಣ್ಣು ಹೇಗೋ ಹಿಂದಕ್ಕೆ ನಡೆದೀತು. ಕೇಳಿದ ಮಾತಿನಲ್ಲಿ ಕಿವಿ ಹಿಂದಕ್ಕೆ ನಡೆಯಲಾರದು. ಹೇಳುವವರು ಮುಂದಿನ ವಾಕ್ಯಕ್ಕೆ ಹೋಗಿಬಿಟ್ಟಿರುತ್ತಾರೆ.

ಇನ್ನೊಂದು ತೊಡಕುಂಟು. ‘ಹೂ’ ಎಂದರೆ ‘ಯಾರು’ ಎಂದು ಕಲಿತವರು ಅದನ್ನು ಕಂಡಲ್ಲೆಲ್ಲ ಪ್ರಶ್ನೆಯೆಂದು ನಿಲ್ಲುತ್ತಾರೆ. ಇಲ್ಲಿ ಅದು ಪ್ರಶ್ನೆಯಲ್ಲ, ಹಿಂದಿನ ಹೆಸರಿಗೆ ಮುಂದಿನ ವಿವರಣೆಯನ್ನು ಕಟ್ಟುವ ಕೊಂಡಿ. ಮತ್ತೆ, ‘ರಾಮನನ್ನು ಹೊಡೆದ ಹುಡುಗ’, ‘ರಾಮ ಹೊಡೆದ ಹುಡುಗ’ ಎಂಬಲ್ಲಿ ಹೊಡೆದವರು ಯಾರೆಂದು ನಮಗೆ ತಿಳಿಸುವುದು ವಿಭಕ್ತಿ. ಇಂಗ್ಲಿಷಿನಲ್ಲಿ ಆ ಕೆಲಸ ಪದಗಳ ಸ್ಥಾನದ್ದು: ‘ದಿ ಬಾಯ್ ದಟ್ ಹಿಟ್ ರಾಮ’, ‘ದಿ ಬಾಯ್ ದಟ್ ರಾಮ ಹಿಟ್’. ಆದಕಾರಣ ಪದಗಳನ್ನು ಬಂದ ಕ್ರಮದಲ್ಲೇ ಸ್ವೀಕರಿಸಬೇಕು.

ಇದು ಅಸಾಧ್ಯವೆಂದು ಯಾರೂ ಹೆದರಬೇಕಾಗಿಲ್ಲ. ಥಾಣೆ, ಡೊಂಬಿವಲಿ, ಕಲ್ಯಾಣಗಳ ಲೋಕಲ್ ಗಾಡಿಯಲ್ಲಿ ನಾವು ಇದನ್ನು ದಿನವೂ ಮಾಡುತ್ತೇವೆ. ‘ವೋ ಲಡಕಾ ಜೋ ಕಲ್ ಆಯಾ ಥಾ’ ಎಂದು ಪಕ್ಕದವರು ಹಿಂದಿಯಲ್ಲಿ ಹೇಳಿದರೆ ನಾವು ಪೆನ್ಸಿಲು ಹುಡುಕುತ್ತೇವೆಯೆ? ಅಲ್ಲಿಯೂ ಹುಡುಗ ಮೊದಲು ಬರುತ್ತಾನೆ, ವಿವರಣೆ ಅವನ ಹಿಂದೆ ಬರುತ್ತದೆ. ಆ ‘ಜೋ’ ಇದ್ದ ಹಾಗೆಯೇ ಈ ‘ಹೂ’. ನಮ್ಮಲ್ಲಿ ಅನೇಕರು ಹಿಂದಿಯನ್ನು ಪುಸ್ತಕದಿಂದ ಕಲಿಯಲಿಲ್ಲ. ಕೆಲಸದ ನಡುವೆ ಕೇಳಿ ಕೇಳಿ ಕಲಿತೆವು.

ಶಾಲೆಯಲ್ಲಿಯೂ ಇಂಥದೊಂದು ಪ್ರಯೋಗ ನಡೆದಿತ್ತು. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರೂ ಸಂಗಡಿಗರೂ ಬೆಂಗಳೂರು, ಮದರಾಸು ಮೊದಲಾದ ಊರುಗಳ ಕೆಲವು ಶಾಲೆಗಳಲ್ಲಿ, ವ್ಯಾಕರಣದ ಪಾಠವನ್ನು ಮುಂದಿಡದೆ, ನಕ್ಷೆ ಮತ್ತು ರೈಲು ವೇಳಾಪಟ್ಟಿಗಳನ್ನು ಕೊಟ್ಟು ಲೆಕ್ಕ ಬಿಡಿಸುವಂತೆ ಇಂಗ್ಲಿಷಿನಲ್ಲಿ ಕೆಲಸ ಮಾಡಿಸಿದರು. ಮನಸ್ಸು ಅರ್ಥದ ಮೇಲಿದ್ದಾಗ ಭಾಷೆಯ ಕಟ್ಟು ತಾನಾಗಿ ಒಳಗಿಳಿಯುತ್ತದೆಂಬುದು ಅವರ ನಂಬಿಕೆ. ಫಲದ ಬಗ್ಗೆ ಪಂಡಿತರಲ್ಲಿ ಚರ್ಚೆಯುಂಟು. ಆದರೆ ವೇಳಾಪಟ್ಟಿ ನಮಗೆ ಒದಗುವ ಸಾಧನವೆಂಬುದರಲ್ಲಿ ಸಂದೇಹವಿಲ್ಲ.

ಅಭ್ಯಾಸದ ಕ್ರಮ ಹೀಗೆ. ‘ದಿ ಟ್ರೈನ್ ದಟ್ ಸ್ಟಾಪ್ಸ್ ಅಟ್ ಕೋಪರ್ ಈಸ್ ಲೇಟ್.’ ಮೊದಲು ‘ದಿ ಟ್ರೈನ್’ ಎಂಬಲ್ಲಿ ತುಸು ನಿಲ್ಲಿ. ಯಾವ ಗಾಡಿ? ‘ದಟ್ ಸ್ಟಾಪ್ಸ್ ಅಟ್ ಕೋಪರ್’. ಅದಕ್ಕೇನಾಯಿತು? ‘ಈಸ್ ಲೇಟ್’. ತಡವಾದದ್ದು ಗಾಡಿ, ಕೋಪರ್ ಅಲ್ಲ. ‘ಯಾವ’ ಎಂಬ ಪ್ರಶ್ನೆ ಮೊದಮೊದಲು ಕನ್ನಡದಲ್ಲೇ ಏಳುತ್ತದೆ, ಏಳಲಿ. ಅಭ್ಯಾಸವಾದಂತೆ ಅದು ತಾನೇ ಹಿಂಜರಿಯುತ್ತದೆ.

ಬಳಿಕ ಇಬ್ಬರು ಕುಳಿತು ವೇಳಾಪಟ್ಟಿ ತೆರೆಯಿರಿ. ‘ಶೋ ಮಿ ದಿ ಟ್ರೈನ್ ದಟ್ ಲೀವ್ಸ್ ಕಲ್ಯಾಣ್ ಆಫ್ಟರ್ ಏಯ್ಟ್’ ಎಂದು ಒಬ್ಬರು ಹೇಳಲಿ. ಇನ್ನೊಬ್ಬರು ಆ ಸಾಲಿನ ಮೇಲೆ ಬೆರಳಿಡಲಿ. ಬಾಯಿಮಾತಿನ ಉತ್ತರ ಬೇಡ, ಕನ್ನಡ ಅರ್ಥವೂ ಬೇಡ. ಬೆರಳು ಸರಿಯಾದ ಗಾಡಿಯ ಮೇಲಿದ್ದರೆ ವಾಕ್ಯ ತಿಳಿದಂತೆಯೇ. ಇದು ಕೈಗೂಡಿದ ಮೇಲೆ ಕೊಂಡಿಯೇ ಇಲ್ಲದ ವಾಕ್ಯಗಳಿಗೆ ಬನ್ನಿ: ‘ದಿ ಫಾರ್ಮ್ ಯು ಗೇವ್ ಈಸ್ ಹಿಯರ್’. ‘ಫಾರ್ಮ್’, ‘ಯು’ ಎರಡೂ ಒತ್ತಟ್ಟಿಗೆ ನಿಂತಿರುವುದೇ ಇಲ್ಲಿ ಗುರುತು.

ಅನುವಾದವನ್ನು ನಾವು ಹಗುರವಾಗಿ ಕಾಣುವವರಲ್ಲ. ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಹೊರಬಂದು ಹೊಸಗನ್ನಡ ಕಾವ್ಯಕ್ಕೆ ದಾರಿ ತೋರಿತು. ಆದರೆ ಅದು ಇಂಗ್ಲಿಷನ್ನು ಅರಿತವರು ಅರಿತ ಮೇಲೆ ಮಾಡಿದ ಕೆಲಸ. ಅರಿಯುವುದಕ್ಕೆಂದೇ ಅನುವಾದಿಸ ಹೊರಟರೆ ಹೊಳೆಯ ನಡುವೆ ನಿಂತು ಸೇತುವೆ ಕಟ್ಟಿದಂತಾಗುತ್ತದೆ.

ದಿನಕ್ಕೆ ಹತ್ತು ವಾಕ್ಯ ಸಾಕು. ವಾಚನಾಲಯದ ಇಂಗ್ಲಿಷ್ ಪತ್ರಿಕೆಗಳಲ್ಲಿ ಅಂಥವು ಬೇಕಾದಷ್ಟಿವೆ. ಸಾಲುಗಳ ಮೇಲೆ ಪೆನ್ಸಿಲು ಆಡಿಸದಿದ್ದರೆ ನಿಮ್ಮ ಕಲಿಕೆಗೂ ಒಳ್ಳೆಯದು, ಪತ್ರಿಕೆಗೂ ಒಳ್ಳೆಯದು.