ಇಪ್ಪತ್ತಮೂರು ಗಂಟೆಯ ದಿನ!

‘ದಿನಕ್ಕೆ ಎಷ್ಟು ಗಂಟೆ?’

ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತಷ್ಟೇ, ಪ್ರೊಬೇಷನ್ ಇನ್ನೂ ಮುಗಿದಿರಲಿಲ್ಲ. ಅಂಥ ಹೊತ್ತಲ್ಲಿ ಟೀಮ್ ಲೀಡ್ ಹತ್ತಿರ ಕರೆದು ಇಂಥ ಪ್ರಶ್ನೆ ಕೇಳಿದರೆ ಹೇಗಾಗಬೇಡ? ‘ಇಪ್ಪತ್ನಾಲ್ಕು’ ಎಂದೆ. ‘ಅಲ್ಲೇ ಎಡವಿದ್ದು ನೀನು’ ಎಂದರು.

ನಮ್ಮದು ಅಮೆರಿಕದ ಗ್ರಾಹಕರೊಬ್ಬರ ಹೋಟೆಲ್ ಬುಕಿಂಗ್ ಆ್ಯಪ್. ಚೆಕ್-ಇನ್, ಚೆಕ್-ಔಟ್ ದಿನಾಂಕ ಕೊಟ್ಟರೆ ಎಷ್ಟು ರಾತ್ರಿ ಎಂದು ಲೆಕ್ಕ ಹಾಕುವ ಜಾವಾಸ್ಕ್ರಿಪ್ಟ್ ಕೋಡ್ ನಾನು ಬರೆದದ್ದು. ಎರಡು ದಿನಾಂಕಗಳ ಮಧ್ಯರಾತ್ರಿಯ ಸಮಯ ತೆಗೆದುಕೊಂಡು, ಒಂದರಿಂದ ಇನ್ನೊಂದನ್ನು ಕಳೆದು, 24 ಗಂಟೆಯಿಂದ ಭಾಗಿಸಿ, ದಶಾಂಶವನ್ನು ಕತ್ತರಿಸಿದ್ದೆ. ಕಾಲೇಜಿನಲ್ಲಿ ಹಾಗೇ ಮಾಡುತ್ತಿದ್ದೆವು. ನನ್ನ ಲ್ಯಾಪ್‌ಟಾಪಿನಲ್ಲಿ ಒಮ್ಮೆಯೂ ತಪ್ಪಿರಲಿಲ್ಲ.

2025ರ ಮಾರ್ಚ್‌ನಲ್ಲಿ ದೂರು ಬಂತು. ಮಾರ್ಚ್ 7ರಿಂದ 11ರವರೆಗೆ ನ್ಯೂಯಾರ್ಕಿನಲ್ಲಿ ತಂಗಿದವರಿಗೆ ನಾಲ್ಕು ರಾತ್ರಿಯ ಬದಲು ಮೂರೇ ರಾತ್ರಿಯ ಬಿಲ್ ಹೋಗಿತ್ತು. ಒಂದು ರಾತ್ರಿಯ ಬಾಡಿಗೆ ಖೋತಾ!

ಅಮೆರಿಕದ ಬಹುತೇಕ ಕಡೆ ಮಾರ್ಚ್ ತಿಂಗಳ ಎರಡನೇ ಭಾನುವಾರ ಬೆಳಗಿನ ಜಾವ 2 ಗಂಟೆಗೆ ಗಡಿಯಾರವನ್ನು ನೇರವಾಗಿ 3ಕ್ಕೆ ಜಿಗಿಸುತ್ತಾರೆ. ಆ ದಿನಕ್ಕೆ 23 ಗಂಟೆ. ನವೆಂಬರ್ ಮೊದಲ ಭಾನುವಾರ ಒಂದು ಗಂಟೆ ಹಿಂದಿಡುತ್ತಾರೆ, ಆ ದಿನಕ್ಕೆ 25 ಗಂಟೆ. ಇದೇ ಡೇಲೈಟ್ ಸೇವಿಂಗ್ ಟೈಮ್. ಆ ಸಲ ಮಾರ್ಚ್ 9 ಅಂಥ ಭಾನುವಾರ. ನಾಲ್ಕು ದಿನಕ್ಕೆ 96 ಗಂಟೆ ಇರಬೇಕಾದಲ್ಲಿ 95 ಇತ್ತು. ಭಾಗಿಸಿದರೆ 3.95 ಚಿಲ್ಲರೆ. ನನ್ನ ಕೋಡ್ ಚಿಲ್ಲರೆ ಬಿಸಾಕಿ 3 ಎಂದಿತ್ತು. ಭಾರತದಲ್ಲಿ ಈ ಪದ್ಧತಿ ಇಲ್ಲವಾದ್ದರಿಂದ ನನ್ನ ಲ್ಯಾಪ್‌ಟಾಪಿಗೆ ಇದು ಗೊತ್ತಾಗುವ ಹಾಗೇ ಇರಲಿಲ್ಲ.

ನಾಚಿಕೆಯಾಗಿದ್ದು ಇನ್ನೊಂದಕ್ಕೆ. ಹಿಂದಿನ ನವೆಂಬರ್‌ನಲ್ಲಿ ಗ್ರಾಹಕರ ಜತೆಗಿನ ಮೀಟಿಂಗ್ ಸಂಜೆ 6.30ರಿಂದ 7.30ಕ್ಕೆ ಹೋದಾಗ, ‘ಪಿಜಿಯಲ್ಲಿ ಊಟ ತಣ್ಣಗಾಗುತ್ತೆ’ ಎಂದು ಗೊಣಗಿದವನು ನಾನೇ! ಅದೇ ಗಡಿಯಾರ ನನ್ನ ಕೋಡನ್ನೂ ಕಾಡಬಹುದೆಂದು ಹೊಳೆಯಲೇ ಇಲ್ಲ.

ಓಡಿಹೋಗಿ ದಶಾಂಶ ಕತ್ತರಿಸುವ ಬದಲು ಹತ್ತಿರದ ಪೂರ್ಣಾಂಕಕ್ಕೆ ಬದಲಾಯಿಸಿದೆ. 4 ಬಂತು. ಖುಷಿಯಿಂದ ತೋರಿಸಿದರೆ ಲೀಡ್, ‘ಇದು ಬರೀ ತೇಪೆ. ಲ್ಯಾಪ್‌ಟಾಪಿನ ಟೈಮ್‌ಝೋನ್ ನ್ಯೂಯಾರ್ಕಿಗೆ ಇಟ್ಟು, ಅಕ್ಟೋಬರ್ 31ರಿಂದ ನವೆಂಬರ್ 4ರವರೆಗೆ ಬುಕ್ ಮಾಡು’ ಎಂದರು. ರಾತ್ರಿಗಳ ಪಟ್ಟಿಯಲ್ಲಿ ನವೆಂಬರ್ 2 ಎರಡು ಸಲ ಬಂತು! ಪ್ರತಿ ದಿನಕ್ಕೆ 24 ಗಂಟೆ ಕೂಡಿಸುತ್ತಾ ಪಟ್ಟಿ ಮಾಡಿದ್ದೆ. 25 ಗಂಟೆಯ ದಿನದಲ್ಲಿ 24 ಕೂಡಿಸಿದರೆ ಅದೇ ದಿನದ ರಾತ್ರಿ 11ಕ್ಕೇ ನಿಲ್ಲುತ್ತೇವಲ್ಲ.

ಅಂದು ಕಲಿತದ್ದು ಇಷ್ಟು: ದಿನ ಎಣಿಸಬೇಕಾದರೆ ಗಂಟೆಯ ಗೊಡವೆಗೆ ಹೋಗಬಾರದು, ಕ್ಯಾಲೆಂಡರ್ ನೋಡಿದ ಹಾಗೆ ಎಣಿಸಬೇಕು. ಜಾವಾದಲ್ಲಿ ಲೋಕಲ್‌ಡೇಟ್, ಪೈಥಾನ್‌ನಲ್ಲಿ ಡೇಟ್ ಇರುವುದೇ ಅದಕ್ಕೆ. ಜಾವಾಸ್ಕ್ರಿಪ್ಟ್‌ನಲ್ಲಾದರೆ ಎರಡೂ ದಿನಾಂಕವನ್ನು ಯುಟಿಸಿಯ ಮಧ್ಯರಾತ್ರಿಯಾಗಿ ತೆಗೆದುಕೊಂಡು ಕಳೆಯಬಹುದು, ಯುಟಿಸಿಯಲ್ಲಿ ಗಡಿಯಾರ ಜಿಗಿಯುವುದಿಲ್ಲ. ಮುಂದಿನ ದಿನ ಬೇಕಾದರೆ 24 ಗಂಟೆ ಅಲ್ಲ, ತಾರೀಖಿಗೆ ಒಂದು ಕೂಡಿಸಬೇಕು. ಮುಂದೆ ನಡೆಯುವ ಮೀಟಿಂಗಿನ ಸಮಯ ಉಳಿಸಿಡುವಾಗ ‘ಮೈನಸ್ ಐದು ಗಂಟೆ’ ಎಂದು ಬರೆದಿಡದೆ ‘ಅಮೆರಿಕ/ನ್ಯೂಯಾರ್ಕ್’ ಎಂಬ ಝೋನ್ ಹೆಸರನ್ನೇ ಇಡಬೇಕು. ಬೇಸಿಗೆಯಲ್ಲಿ ಅದು ಮೈನಸ್ ನಾಲ್ಕಾಗುತ್ತದೆ.

ಗ್ರಾಹಕರಿಗೆ ಕಳಿಸುವ ಮೇಲ್‌ನಲ್ಲಿ ‘ತಪ್ಪು ನನ್ನದು’ ಎಂದು ಬರೆಯುವಾಗ ಕೈ ನಡುಗಿತ್ತು. ಆದರೆ ಯಾರೂ ಕೆಲಸದಿಂದ ತೆಗೆಯಲಿಲ್ಲ. ಪ್ರೊಬೇಷನ್ ಮುಗಿದ ದಿನ ಲೀಡ್ ಹೇಳಿದ್ದು, ‘ಬಗ್ ಎಲ್ಲರೂ ಮಾಡ್ತಾರೆ. ಮುಚ್ಚಿಡಲಿಲ್ಲ ನೋಡು, ಅದು ಮುಖ್ಯ’.

ಕ್ಯಾಂಪಸ್ ಸಂದರ್ಶನಕ್ಕೆ ತಯಾರಾಗುತ್ತಿರುವ ಗೆಳೆಯರೇ, ಕೋಡ್ ‘ನನ್ನ ಲ್ಯಾಪ್‌ಟಾಪಿನಲ್ಲಿ ಓಡುತ್ತೆ’ ಎನ್ನುವ ಮುನ್ನ ಟೈಮ್‌ಝೋನ್ ಒಮ್ಮೆ ಬದಲಿಸಿ ನೋಡಿ. ಯಾರಾದರೂ ದಿನಕ್ಕೆ ಎಷ್ಟು ಗಂಟೆ ಎಂದು ಕೇಳಿದರೆ, ‘ಯಾವ ಊರಲ್ಲಿ ಸರ್, ಯಾವ ದಿನ?’ ಎಂದು ತಿರುಗಿ ಕೇಳಿ!